‘ಪರವಾಗಿಲ್ಲ’ ಕಾತ್ಸುಹಿಕೊ ಮತ್ತು ಮೂರು ವಾರಕ್ಕೊಂದು ಸೂಜಿ

ನನ್ನ ತಂಗಿಯ ಗಂಡ ನಿಶಿದೆ ಕಾತ್ಸುಹಿಕೊನ ಬಗ್ಗೆ ಬರೆಯುವ ಮುಂಚೆ ಒಂದು ಪದದ ಮೇಲಿನ ಸಿಟ್ಟನ್ನು ಕಾರಿಕೊಂಡುಬಿಡುತ್ತೇನೆ. ಆ ಪದ ‘ಪರವಾಗಿಲ್ಲ’. ನಮ್ಮ ಕಡೆ ಈ ಮಾತಿಗೆ ಎಷ್ಟು ಅರ್ಥಗಳಿವೆಯೆಂದು ಆಡಿದವನಿಗೂ ಗೊತ್ತಿರುವುದಿಲ್ಲ. ಇನ್ನೊಂದು ಬಟ್ಟಲು ಅನ್ನ ಹಾಕಲೇ ಎಂದರೆ ಪರವಾಗಿಲ್ಲ, ಅಂದರೆ ಬೇಡ. ನಾಳೆ ಮನೆಗೆ ಬರಬಹುದೇ ಎಂದರೆ ಪರವಾಗಿಲ್ಲ, ಅಂದರೆ ಬಾ. ಚಳಿಯಾಗುತ್ತಿದೆಯೇ ಎಂದರೆ ಪರವಾಗಿಲ್ಲ, ಅಂದರೆ ಹಲ್ಲು ಕಟಕಟ ಎನ್ನುತ್ತಿದೆ, ಆದರೆ ಕಿಟಕಿ ಮುಚ್ಚಲು ನೀನು ಏಳಬೇಡ. ಮೆಟ್ಟಿಲಿನಿಂದ ಉರುಳಿ ಬಿದ್ದವನೂ ಮೊದಲು ಈ ಮಾತು ಹೇಳಿ, ಆಮೇಲೆ ತನ್ನ ಕಾಲು ಎಲ್ಲಿದೆಯೆಂದು ಹುಡುಕುತ್ತಾನೆ.

ಕಾತ್ಸು ಈ ಪದವನ್ನು ಉಸಿರಿನಂತೆ ಬಳಸುತ್ತಿದ್ದ. ಆದರೆ ಮನೆಯಲ್ಲಿ ಮಾತ್ರ. ಕೆಲಸ ಮಾಡುವ ಕನ್ನಡಕದ ಫ್ಯಾಕ್ಟರಿಯಲ್ಲಿ ಅವನ ಬಾಯಿಂದ ಅದನ್ನು ಕೇಳಿದವರಿರಲಿಲ್ಲ.

ನಮ್ಮ ಸಬಾಯೆ ಊರಿನಲ್ಲಿ ಯಾರನ್ನು ಕೇಳಿದರೂ ಕನ್ನಡಕದ ಫ್ರೇಮಿಗೆ ಏನಾದರೊಂದು ಮಾಡುತ್ತಿರುತ್ತಾರೆ. ಬಗ್ಗಿಸುತ್ತಾರೆ, ಬೆಸೆಯುತ್ತಾರೆ, ಉಜ್ಜುತ್ತಾರೆ. ಏನನ್ನೂ ಮಾಡಲು ಬಾರದ ನನ್ನಂಥವರು ಲಾಂಡ್ರಿ ಇಟ್ಟುಕೊಂಡು ಅವರ ಬಟ್ಟೆಗಂಟಿದ ಪಾಲಿಶ್ ಪುಡಿಯನ್ನು ತೊಳೆಯುತ್ತೇವೆ. ಕಾತ್ಸು ಶಾಲೆಯಲ್ಲಿ ನನಗಿಂತ ನಾಲ್ಕು ತರಗತಿ ಕೆಳಗಿದ್ದವನು. ಹತ್ತೊಂಬತ್ತಕ್ಕೆ ಫ್ಯಾಕ್ಟರಿ ಸೇರಿ, ಆರು ವರ್ಷ ಪಾಲಿಶ್ ಮಾಡಿ, ಆಮೇಲೆ ಮೂವತ್ತು ವರ್ಷ ಒಂದೇ ಮೇಜಿನ ಮುಂದೆ ಕೂತು ಫ್ರೇಮ್ ಪರೀಕ್ಷೆ ಮಾಡಿದ. ಫ್ರೇಮನ್ನು ಕಿವಿಯ ಹತ್ತಿರ ಹಿಡಿದು ಕಡ್ಡಿಯನ್ನು ಎರಡು ಸಲ ತೆರೆದು ಮುಚ್ಚುವನು. ಕೀಲಿನ ಸದ್ದು ಸರಿಯಿಲ್ಲವೋ, ಕೆಂಪು ಕಾಗದ ಅಂಟಿಸಿ ‘ವಾಪಸ್’ ಎನ್ನುವನು. ಯಾಕೆ ಎಂದು ಕೇಳಿದರೆ ವಿವರಿಸುತ್ತಿರಲಿಲ್ಲ. ಅವನ ಹೆಸರೇ ವಾಪಸ್ ನಿಶಿದೆ ಎಂದಾಗಿತ್ತು. ಪಾಲಿಶ್ ವಿಭಾಗದವರು ಅವನ ಮೇಜಿನ ಮುಂದೆ ಹಾದುಹೋಗುವಾಗ ತಮ್ಮ ಮುಖದಲ್ಲೇನಾದರೂ ಗೀರಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ.

ಅವನಿಗೆ ಐವತ್ತಮೂರಾದಾಗ ಏನೋ ಶುರುವಾಯಿತು. ಊಟದ ತಟ್ಟೆಯ ಮುಂದೆಯೇ ತೂಕಡಿಸುವನು. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಕುತ್ತಿಗೆಯ ಬೆವರು ಒರೆಸಿಕೊಳ್ಳುವನು. ಅನ್ನ ಬೆಂದಿತೆಂದು ಕರೆಂಟಿನ ಕುಕ್ಕರ್ ಪಿಳ್ಳೆಂದು ರಾಗ ಹಾಡಿದ್ದಕ್ಕೆ ಅದರ ವೈರ್ ಕಿತ್ತು ಎಸೆದನಂತೆ. ಬೇಸಿಗೆಯಲ್ಲಿ ಹಿನೊ ಹೊಳೆಗೆ ಆಯು ಮೀನು ಹಿಡಿಯಲು ಹೋಗುತ್ತಿದ್ದವನು ಗಾಳಕ್ಕೆ ಧೂಳು ಹಿಡಿಯಲು ಬಿಟ್ಟ. ಹುಷಾರಿಲ್ಲವೇ ಎಂದು ನನ್ನ ತಂಗಿ ಫುಸಾಯೆ ಕೇಳಿದರೆ ಉತ್ತರ ಏನೆಂದು ನಿಮಗೆ ಗೊತ್ತೇ ಇದೆ.

ಎರಡು ವರ್ಷ ಹೀಗೇ ಸವೆಯಿತು. ಕಳೆದ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಫುಸಾ ಏಪ್ರನ್ ಕೂಡ ಬಿಚ್ಚದೆ ನನ್ನ ಅಂಗಡಿಗೆ ನುಗ್ಗಿದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ನಾನೂರು ಮಕ್ಕಳಿಗೆ ಬೇಯಿಸುವವಳು. ಸಣ್ಣಪುಟ್ಟದಕ್ಕೆ ಓಡಿ ಬರುವವಳಲ್ಲ.

“ಅಣ್ಣಾ, ಎನೊಮೊತೊ ಅವ್ರು ಫೋನ್ ಮಾಡಿದ್ರು.”

ಎನೊಮೊತೊ ಎಂದರೆ ಫ್ಯಾಕ್ಟರಿಯ ಮ್ಯಾನೇಜರ್.

“ಏನಂತೆ? ಮತ್ತೆ ಇಡೀ ಪೆಟ್ಟಿಗೆನೇ ವಾಪಸ್ ಕಳಿಸಿದ್ನಾ?”

“ಕಳಿಸಿದ್ರೆ ನಾನ್ಯಾಕೆ ಓಡಿ ಬರ್ತಿದ್ದೆ? ಪಾಸ್ ಮಾಡಿದಾರೆ! ಕೀಲು ಸಡಿಲ ಇರೋ ಫ್ರೇಮ್‌ನ ಯಾರೋ ತಂದು ತೋರಿಸಿದ್ರೆ ಇವ್ರು ಕಣ್ಣೆತ್ತದೇನೆ ಪರವಾಗಿಲ್ಲ ಅಂದ್ರಂತೆ. ಇಡೀ ಹಾಲ್ ಕೆಲಸ ಬಿಟ್ಟು ತಿರುಗಿ ನೋಡ್ತಂತೆ ಅಣ್ಣಾ. ನಿನ್ನೆ ಸಾಯಂಕಾಲ ಇವ್ರೇ ಹೋಗಿ ರಾಜೀನಾಮೆ ಕೊಟ್ಟಿದಾರೆ. ನಂಗೊಂದು ಮಾತು ಹೇಳಿಲ್ಲ.”

ಎನೊಮೊತೊ ಒಳ್ಳೆಯ ಮನುಷ್ಯ. ಕಾಗದವನ್ನು ಡ್ರಾಯರಿನಲ್ಲಿ ಹಾಕಿ, ಮಾರ್ಚ್ ಕೊನೆಯವರೆಗೆ ನಾನಿದನ್ನು ನೋಡಿಲ್ಲ, ಅಷ್ಟರೊಳಗೆ ಸರಿಹೋದರೆ ಸರಿ ಎಂದಿದ್ದರು. ಆ ಮೇಜಿನಿಂದ ಎಬ್ಬಿಸಿದರೆ ಕಾತ್ಸು ಮನೆಯಲ್ಲಿ ಕೂತು ಗೋಡೆ ನೋಡುವ ಒಂದು ವಸ್ತುವಾಗುತ್ತಾನೆ ಎಂಬುದು ಫುಸಾಗೂ ನನಗೂ ಎನೊಮೊತೊಗೂ ಗೊತ್ತಿತ್ತು. ಗೊತ್ತಿಲ್ಲದವನು, ಅಥವಾ ಗೊತ್ತಿದ್ದೂ ಲೆಕ್ಕಿಸದವನು, ಅವನೊಬ್ಬನೇ.

“ನಂಗೆ ಬಂದಿದ್ದೇ ಇವ್ರಿಗೂ ಬಂದಿದೆ,” ಎಂದಳು ಫುಸಾ. “ಬೆವರು, ಸಿಟ್ಟು, ಸುಮ್ಸುಮ್ನೆ ಅಳು. ವಯಸ್ಸು ಮಗ್ಗುಲು ಬದಲಿಸೋದು. ನಾನು ಡಾಕ್ಟ್ರ ಹತ್ರ ಹೋದೆ, ಸರಿಹೋದೆ. ಇವ್ರು ಅದು ಹೆಂಗಸರ ಕಾಯಿಲೆ ಅಂತಾರೆ.”

ನಾನು ಅಣ್ಣ. ಅಣ್ಣನಾದವನು ಸಲಹೆ ಕೊಡಬೇಕು. ಗಂಡಸರಿಗೆ ಶಕ್ತಿ ಬರುತ್ತದೆಂದು ಮಾರುವ ಆಮೆಯ ಪುಡಿಯ ಡಬ್ಬಿಯೊಂದನ್ನು ತಂದುಕೊಟ್ಟೆ. ಬೆಳ್ಳುಳ್ಳಿ ತಿನ್ನಿಸು ಎಂದೆ. ಈ ವಿಷಯದಲ್ಲಿ ನಾನೊಬ್ಬನೇ ಪಂಡಿತನಾಗಿರಲಿಲ್ಲ. ಪಕ್ಕದ ಮನೆಯವರು ನಾಯಿ ಸಾಕಲು ಹೇಳಿದರು. ಫೋರ್‌ಮನ್ ಬಿಸಿನೀರಿನ ಬುಗ್ಗೆಯಲ್ಲಿ ಕುತ್ತಿಗೆವರೆಗೆ ಕೂರಲು ಹೇಳಿದ. ಕಾತ್ಸು ಎಲ್ಲರಿಗೂ ತಲೆಬಾಗಿಸಿ ಪರವಾಗಿಲ್ಲ ಎಂದ. ಆಮೆಯ ಪುಡಿ ಮುಗಿಯುವ ಹೊತ್ತಿಗೆ ನನ್ನ ಪಾಂಡಿತ್ಯವೂ ಮುಗಿದಿತ್ತು. ಫುಸಾ ನನ್ನನ್ನು ಕೇಳುವುದನ್ನು ಬಿಟ್ಟು ಫುಕುಯಿ ನಗರದಲ್ಲಿ ಗಂಡಸರ ಇಂಥ ತೊಂದರೆಗೆಂದೇ ಇರುವ ಕ್ಲಿನಿಕ್ಕಿನಲ್ಲಿ ಸಮಯ ಗೊತ್ತುಮಾಡಿದಳು. ಅವಳಿಗೆ ಶಾಲೆ ಇದ್ದುದರಿಂದ ಗಂಡನನ್ನು ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ನವೆಂಬರಿನ ಒಂದು ಬೆಳಿಗ್ಗೆ ಹೋದೆವು. ಈ ಪರೀಕ್ಷೆಯ ರಕ್ತವನ್ನು ಬೆಳಿಗ್ಗೆಯೇ ತೆಗೆಯಬೇಕಂತೆ. ಸಬಾಯೆಯ ಯಾರ ಕಣ್ಣಿಗೂ ಬೀಳಬಾರದೆಂದು ಅಷ್ಟು ದೂರ ಹೋದರೆ, ಕಾಯುವ ಕೋಣೆಯಲ್ಲಿ ಐದು ಜನ ಗಂಡಸರು ಐದು ಪತ್ರಿಕೆಗಳನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಒಬ್ಬರೂ ಪುಟ ಮಗುಚುತ್ತಿರಲಿಲ್ಲ.

“ಭಾವ, ಆ ಮೂಲೇಲಿರೋದು ಮಿಕಾಮಿ ಅವ್ರು,” ಎಂದು ಕಾತ್ಸು ಪಿಸುಗುಟ್ಟಿದ. ಮಿಕಾಮಿ ನಮ್ಮ ಬೀದಿಯ ಸಂಘದ ಅಧ್ಯಕ್ಷರು. ಕಸದ ಚೀಲ ಯಾವ ದಿನ ಹೊರಗಿಡಬೇಕೆಂದು ಊರಿಗೆಲ್ಲ ಭಾಷಣ ಮಾಡುವವರು.

“ಮುಖ ಎಲ್ಲಿ ಕಾಣುತ್ತೋ?”

“ಕನ್ನಡಕದ ಕಡ್ಡಿ ಕಾಣುತ್ತೆ. ಎಡಗಡೇದು ಸ್ವಲ್ಪ ಸೊಟ್ಟ. ನಾನು ವಾಪಸ್ ಹಾಕಿದ್ದೆ, ಯಾರೋ ಪಾಸ್ ಮಾಡಿಬಿಟ್ಟಿದಾರೆ.”

ಮೊದಲಾಗಿದ್ದರೆ ಅಧ್ಯಕ್ಷರ ಮೂಗಿನ ಮೇಲಿಂದಲೇ ಅದನ್ನು ಕಿತ್ತುಕೊಂಡು ಬರುತ್ತಿದ್ದ. ಈಗ ಹೇಳಿದ, ಕೈಕಟ್ಟಿ ಕೂತ. ನನಗೆ ಹೆದರಿಕೆಯಾದದ್ದು ಆಗಲೇ.

ನರ್ಸ್ ಒಂದು ಕಾಗದ ಕೊಟ್ಟಳು. ಹದಿನೇಳು ಪ್ರಶ್ನೆ. ನಿದ್ದೆ ಹೇಗಿದೆ, ಸುಸ್ತೇ, ಬೆವರೇ, ಸಿಡುಕೇ, ಬದುಕಿನ ಒಳ್ಳೆಯ ಕಾಲ ಮುಗಿಯಿತು ಎನಿಸುತ್ತದೆಯೇ, ಗಡ್ಡ ಬೆಳೆಯುವುದು ಕಡಿಮೆಯಾಗಿದೆಯೇ. ಕೊನೆಯಲ್ಲಿ ಹೆಂಡತಿಗೆ ಸಂಬಂಧಿಸಿದ ಎರಡು ಮೂರು. ಏನೂ ಇಲ್ಲ ಎಂದರೆ ಒಂದು ಅಂಕ, ತಡೆಯಲಾಗದಷ್ಟು ಎಂದರೆ ಐದು. ಕಾತ್ಸು ಎಡಗೈಯನ್ನು ಪರೀಕ್ಷೆಯ ಹುಡುಗನಂತೆ ಮರೆ ಮಾಡಿಕೊಂಡು ಎರಡು ನಿಮಿಷದಲ್ಲಿ ಬರೆದು ಮುಗಿಸಿದ. ಬಗ್ಗಿ ನೋಡಿದೆ. ಮೇಲಿಂದ ಕೆಳಗಿನವರೆಗೆ ಒಂದು, ಒಂದು, ಒಂದು.

“ಏನೋ ಇದು? ಬೆವರಿಗೂ ಒಂದಾ? ಕುಕ್ಕರ್ ವೈರ್ ಕಿತ್ತೋನು ಯಾರು, ನಾನಾ?”

“ಕುಕ್ಕರ್ ಬಗ್ಗೆ ಪ್ರಶ್ನೆ ಇಲ್ವಲ್ಲ ಭಾವ.”

“ಅಲ್ವೋ, ಕಾಯಿಲೆ ಇದೆ ಅಂತ ತಾನೇ ಇಲ್ಲಿಗೆ ಬಂದಿರೋದು?”

“ಮೊದಲನೇ ಸಲ ನೋಡ್ತಿರೋ ಹೆಂಗಸಿಗೆ ಸುಮ್ನೆ ಯಾಕೆ ತೊಂದ್ರೆ?”

ಹೆಂಗಸು ಎಂದರೆ ಡಾಕ್ಟರ್. ತಾಕೆನಾಮಿ ಎಂದು ಹೆಸರು, ನಲವತ್ತರ ಆಸುಪಾಸು, ಮಾತು ಚುರುಕು. ಅವರು ಕಾಗದವನ್ನು ಒಮ್ಮೆ, ಕಾತ್ಸುವನ್ನು ಒಮ್ಮೆ ನೋಡಿದರು.

“ಹದಿನೇಳಕ್ಕೆ ಹದಿನೇಳು. ನಿಶಿದೆ ಅವ್ರೇ, ಈ ಜಿಲ್ಲೇಲಿ ನಿಮ್ಮಷ್ಟು ಸುಖವಾಗಿರೋ ಗಂಡಸು ಇನ್ನೊಬ್ಬ ಇಲ್ಲ. ಯಾಕೆ ಬಂದ್ರಿ?”

“ಮನೇಲಿ ಕಳಿಸಿದ್ರು.”

ನಾನು ಬಾಯಿ ಹಾಕಿದೆ. ಹಾಕದೆ ಇರಬಲ್ಲೆನೇ? ಅಂಗಡಿಯಲ್ಲಿ ಓದಿದ್ದ ಒಂದು ಕರಪತ್ರದ ಬಲದ ಮೇಲೆ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನಿನ ಬಗ್ಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಡಾಕ್ಟರ್ ತಾಳ್ಮೆಯಿಂದ ಕೇಳಿ, “ನಿಮಗೆ ವಯಸ್ಸೆಷ್ಟು?” ಎಂದರು. ಐವತ್ತೊಂಬತ್ತು, ಬೇಕಿದ್ದರೆ ನನಗೂ ಒಂದು ಇಂಜೆಕ್ಷನ್ ಚುಚ್ಚಿ ಎಂದೆ.

“ನಿಮ್ಗೆ ಬೇಡ. ನಿಮ್ಮ ತೊಂದ್ರೆಗೆ ಇನ್ನೂ ಔಷಧಿ ಬಂದಿಲ್ಲ,” ಎಂದು ಕಾತ್ಸುವಿನ ಕಡೆ ತಿರುಗಿದರು. “ರಕ್ತ ತಗೋತೀವಿ. ಪ್ರಾಸ್ಟೇಟ್ ಸರಿ ಇದ್ಯಾ ನೋಡ್ತೀವಿ. ಆದ್ರೆ ಒಂದ್ಮಾತು. ಬರೀ ರಿಪೋರ್ಟಲ್ಲಿ ಅಂಕಿ ಕಮ್ಮಿ ಇದೆ ಅಂತ ನಾನು ಔಷಧಿ ಕೊಡೋಳಲ್ಲ. ತೊಂದ್ರೆ ಇದೆ ಅಂತ ನೀವು ಹೇಳ್ಬೇಕು. ಹೇಳ್ತೀರಾ?”

“ಪರವಾಗಿಲ್ಲ,” ಎಂದ ಕಾತ್ಸು.

ಎರಡು ವಾರದ ಮೇಲೆ ಫಲಿತಾಂಶ ಕೇಳಲು ತಾನೊಬ್ಬನೇ ಹೋಗುತ್ತೇನೆ ಎಂದ. ನನ್ನ ಉಪನ್ಯಾಸ ಅವನಿಗೆ ನಾಚಿಕೆ ತರಿಸಿತ್ತಂತೆ. ಸಂಜೆ ಬಂದು ವರದಿ ಒಪ್ಪಿಸಿದ: ಆ ಹಾರ್ಮೋನ್ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಇದೆ, ಪ್ರಾಸ್ಟೇಟ್ ಚೆನ್ನಾಗಿದೆ, ಮೂರು ವಾರಕ್ಕೊಂದು ಇಂಜೆಕ್ಷನ್ ಕೊಡುತ್ತಾರಂತೆ. ಫುಸಾ ಸಂತೋಷಕ್ಕೆ ಅವತ್ತು ಶುಭದಿನಗಳಿಗೆ ಮಾಡುವ ಕೆಂಪು ಅನ್ನವನ್ನೇ ಮಾಡಿದಳು. ಡಿಸೆಂಬರ್ ಕಳೆಯಿತು. ಹೊಸ ವರ್ಷ ಬಂತು. ಅಕ್ಕಿ ಕಡುಬಿನ ಸಾರು ಕುಡಿಯುತ್ತ ಅವನು ಬಟ್ಟಲಿನ ಮೇಲೇ ತೂಕಡಿಸಿದ.

“ಈ ಇಂಜೆಕ್ಷನ್ ಏನೂ ಹಿಡೀತಿಲ್ವಲ್ರೀ,” ಎಂದಳು ಫುಸಾ. “ಎಷ್ಟಾಯ್ತು, ಎರಡಾ?”

“ಇನ್ನೂ ಹಾಕಿಲ್ಲ.”

“ಹಾಕಿಲ್ಲ ಅಂದ್ರೆ?”

“ಕರೀತಾರೆ ಅಂತ ಕಾಯ್ತಿದೀನಿ.”

ಫುಸಾ ಕ್ಲಿನಿಕ್ಕಿನ ಚೀಟಿ ಕಿತ್ತುಕೊಂಡು ನೋಡಿದಳು. ಮುಂದಿನ ದಿನಾಂಕದ ಜಾಗ ಖಾಲಿ. ಆಗ ನಾವಿಬ್ಬರೂ ಸೇರಿ ಪೊಲೀಸರಂತೆ ಒಂದೊಂದೇ ಮಾತನ್ನು ಅವನಿಂದ ಹೊರಡಿಸಿದೆವು. ಡಾಕ್ಟರ್ ಕೇಳಿದ್ದು: ಹಾಗಾದರೆ ಇಂಜೆಕ್ಷನ್ ಶುರು ಮಾಡೋಣವೇ? ಇವನು ಹೇಳಿದ್ದು: ಪರವಾಗಿಲ್ಲ. ಇವನ ಮನಸ್ಸಿನಲ್ಲಿದ್ದದ್ದು ಮಾಡಿ ಎಂದು. ಅವರು ತಿಳಿದದ್ದು ಬೇಡ ಎಂದು. ಅವರು ಸಹ ಒತ್ತಾಯ ಮಾಡಬಾರದೆಂದು ಸರಿ ಎಂದರು. ಇವನು ಸಹ ಯಾವಾಗ ಎಂದು ಕೇಳಿ ಅವಸರ ಮಾಡಬಾರದೆಂದು ತಲೆಬಾಗಿಸಿ ಎದ್ದು ಬಂದ. ಹೀಗೆ ಇಬ್ಬರು ಸಭ್ಯರು ಸೇರಿ ಆರು ವಾರವನ್ನು ಮಣ್ಣುಪಾಲು ಮಾಡಿದರು.

“ಮಾರ್ಚ್‌ಗೆ ಇನ್ನೆಷ್ಟು ದಿನ ಇದೆ ಗೊತ್ತೇನ್ರೀ?” ಎಂದಳು ಫುಸಾ. ಅವಳ ದನಿ ಏರಿತು. ನಾನು ಅಣ್ಣನಾಗಿ ಐವತ್ತಾರು ವರ್ಷದಲ್ಲಿ ಆ ದನಿಯನ್ನು ಎರಡೇ ಸಲ ಕೇಳಿದ್ದು. “ಬೇಕು ಅನ್ನೋಕೆ ನಿಮ್ಗೇನು ನಾಲ್ಗೆ ಸೇದೋಗಿದ್ಯಾ? ಆ ಕಾಗದದಲ್ಲಿ ಕೊನೇ ಮೂರು ಪ್ರಶ್ನೆ ಇದ್ಯಂತಲ್ಲ, ಅದಕ್ಕೆ ನಾನೇ ಬಂದು ಉತ್ತರ ಬರೀಲಾ?”

ಕಾತ್ಸು ನನ್ನ ಮುಖ ನೋಡಿದ. ನಾನು ಕಡುಬಿನೊಳಗೆ ಮುಖ ಹುದುಗಿಸಿದೆ.

ಜನವರಿಯ ಮೂರನೆಯ ವಾರ ಮೂವರೂ ಹೋದೆವು. ಫುಸಾ ಒಳಗೆ ಹೋಗಿ ಕೂತವಳೇ ಶುರು ಮಾಡಿದಳು.

“ಡಾಕ್ಟ್ರೇ, ಇವ್ರು ಪರವಾಗಿಲ್ಲ ಅಂದ್ರೆ ಬೇಕು ಅಂತ. ನೀವು ಚುಚ್ಚಿಬಿಡಿ.”

“ಎಲ್ಲಾ ಸಲಾನೂ ಬೇಕು ಅಂತ್ಲೇ ಅರ್ಥಾನಾ?”

“ಎಲ್ಲಾ ಸಲ ಅಲ್ಲ. ಊಟದಲ್ಲಿ ಬೇಡ ಅಂತ.”

“ನೋಡಿ, ನಂಗೆ ಈ ಲೆಕ್ಕ ಆಗಲ್ಲ,” ಎಂದು ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹೋದ್ಸಲ ತಪ್ಪು ನಂದೂ ಇದೆ. ಇನ್ನೊಂದು ಸಲ ಕೇಳ್ಬೇಕಿತ್ತು. ಇವತ್ತಿಂದ ಈ ಕೋಣೇಲಿ ಆ ಪದ ಬೇಡ. ನಿಶಿದೆ ಅವ್ರೇ, ರಾತ್ರಿ ನಿದ್ದೆ ಹೇಗ್ ಬರುತ್ತೆ?”

“ಪ...” ಎಂದು ಬಾಯಿ ಮುಚ್ಚಿದ. ಮತ್ತೆ ತೆರೆದ. ಹೊಳೆಯಿಂದ ತೆಗೆದ ಮೀನು ನೆನಪಾಯಿತು. ಮೂವತ್ತು ವರ್ಷದಿಂದ ಊರಿಕೊಂಡು ಬಂದ ಕೋಲನ್ನು ಯಾರೋ ಕಸಿದುಕೊಂಡಂತೆ ಕೂತಿದ್ದ. ಫುಸಾ ಏನೋ ಹೇಳಹೋದಳು. ಡಾಕ್ಟರ್ ಕೈ ಅಡ್ಡ ಹಿಡಿದರು.

“ಕೀಲು ಕೇಳಿಸುತ್ತೆ,” ಎಂದ ಕೊನೆಗೆ. ಯಾರಿಗೂ ಅರ್ಥವಾಗಲಿಲ್ಲ. “ಫ್ರೇಮ್ ಕಡ್ಡಿ ತೆಗೆದು ಮುಚ್ಚಿದ್ರೆ ಸದ್ದು ಕೇಳಿಸುತ್ತೆ, ಡಾಕ್ಟ್ರೇ. ಕಿವಿ ಸರಿಯಾಗೇ ಇದೆ. ಮೊದಲು ಕೆಟ್ಟ ಸದ್ದು ಬಂದ್ರೆ ನಂಗೆ ಹಲ್ಲೆಲ್ಲ ಜುಂ ಅನ್ನೋದು. ಸಿಟ್ಟು ಬರೋದು. ಈಗ ಏನೂ ಆಗಲ್ಲ. ಒಳ್ಳೇದಕ್ಕೂ ಆಗಲ್ಲ, ಕೆಟ್ಟದ್ದಕ್ಕೂ ಆಗಲ್ಲ. ಇವ್ಳು ಅಡುಗೆಮನೇಲಿ ಹಾಡ್ಕೊಳ್ತಾಳೆ, ಅದು ನಂಗೆ ಇಷ್ಟ. ಇಷ್ಟ ಇತ್ತು. ಈಗ ಯಾವಾಗ ನಿಲ್ಸ್ತಾಳೋ ಅಂತ ಕಾಯ್ತೀನಿ. ಬೆಳಿಗ್ಗೆ ಏಳುವಾಗ್ಲೇ ದಿನ ಮುಗಿದಿದ್ರೆ ಸಾಕಿತ್ತು ಅನ್ಸುತ್ತೆ.” ಆಮೇಲೆ ಹೇಳಿದ: “ನಾನೇ ಫ್ರೇಮಾಗಿ ನನ್ನ ಮೇಜಿಗೆ ಬಂದಿದ್ರೆ, ಎರಡನೇ ಸಲ ನೋಡ್ತಿರ್ಲಿಲ್ಲ. ವಾಪಸ್.”

ನಾನು ಮಾತಿಲ್ಲದೆ ಕೂತಿದ್ದೆ. ಇದು ಅಪರೂಪವಾದ್ದರಿಂದ ದಾಖಲಿಸುತ್ತಿದ್ದೇನೆ. ಫುಸಾ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಬಂದದ್ದು ಸಿಟ್ಟು.

“ಇಪ್ಪತ್ತೊಂಬತ್ತು ವರ್ಷ ನನ್ ಜೊತೆ ಸಂಸಾರ ಮಾಡಿ, ಇದನ್ನೆಲ್ಲ ಹೇಳ್ಕೊಳ್ಳೋಕೆ ನಿಮ್ಗೆ ಈ ಡಾಕ್ಟ್ರೇ ಬೇಕಾಯ್ತಾ? ನಾನು ಹಾಡೋದು ಬೇಡ ಅಂದಿದ್ರೆ ಬಾಯ್ ಮುಚ್ಕೊಂಡಿರ್ತಿದ್ನಲ್ಲ!”

“ಬೇಡ ಅಂತಲ್ಲ...”

“ಮತ್ತೇನಂತ?”

“ನಂಗೆ ಮೊದಲಿನ ಹಾಗೆ ಕೇಳ್ಬೇಕು.”

ಫುಸಾ ಕೈಚೀಲದಲ್ಲಿ ಏನನ್ನೋ ತುಂಬ ಹೊತ್ತು ಹುಡುಕಿದಳು. ಅದರೊಳಗೆ ಹುಡುಕುವಂಥದ್ದು ಏನೂ ಇರಲಿಲ್ಲ.

ಡಾಕ್ಟರ್ ಅದೇ ಪ್ರಶ್ನೆಗಳ ಹೊಸ ಕಾಗದ ಕೊಟ್ಟರು. ಈ ಸಲ ಅವನು ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಬರೆದ. ಒಟ್ಟು ಐವತ್ತಾರು.

“ಇದು ತೀರಾ ಜಾಸ್ತಿ. ಈಗ ನಂಬ್ತೀನಿ,” ಎಂದರು ಅವರು. “ಕೇಳಿಸ್ಕೊಳ್ಳಿ, ಇದು ಹರೆಯ ಬರ್ಸೋ ಔಷಧಿ ಅಲ್ಲ. ಕಮ್ಮಿ ಆಗಿರೋದನ್ನ ತುಂಬೋದು ಅಷ್ಟೇ. ಕೆಲವರಿಗೆ ಮನಸ್ಸು ಹಗುರ ಆಗುತ್ತೆ, ಕೆಲವರಿಗೆ ಅಷ್ಟಕ್ಕಷ್ಟೇ. ಆಗಾಗ ರಕ್ತ ನೋಡ್ತಿರ್ಬೇಕು, ಗಟ್ಟಿ ಆದ್ರೆ ನಿಲ್ಲಿಸ್ತೀನಿ. ಇದರಿಂದ ಮನಸ್ಸು ಏಳ್ಲಿಲ್ಲ ಅಂದ್ರೆ ಮನಸ್ಸಿನ ಡಾಕ್ಟ್ರ ಹತ್ರ ಕಳಿಸ್ತೀನಿ, ಆಗ ಮುಖ ಸಿಂಡರಿಸ್ಬಾರ್ದು. ಬೇಕಾ, ಬೇಡ್ವಾ?”

ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ.

“ಬೇಕು.”

ದವಡೆಯ ಹಲ್ಲು ಕಿತ್ತಂತೆ ಬಂತು ಆ ಮಾತು. ಸೂಜಿ ಚುಚ್ಚುವಾಗ ಅವನಿಗೆ ಅದರ ಅರ್ಧದಷ್ಟೂ ನೋಯಲಿಲ್ಲ.

ಈಗ ನೀವು ಅವನು ಎದ್ದು ಕುದುರೆಯಂತೆ ಕೆನೆಯುತ್ತಾನೆಂದು ಕಾಯುತ್ತಿದ್ದರೆ, ನಾನೂ ಕಾದೆ. ಮರುದಿನ ಬೆಳಿಗ್ಗೆಯೇ ಹೋಗಿ ಅವನ ತೋಳು ಹಿಚುಕಿ ನೋಡಿದೆ. ಏನಾದ್ರೂ ಅನ್ಸುತ್ತಾ ಎಂದೆ. ಚುಚ್ಚಿದ್ದು ಅಲ್ಲಲ್ಲ ಭಾವ ಎಂದ. ಮೊದಲ ಮೂರು ವಾರ ಏನೂ ಆಗಲಿಲ್ಲ. ಎರಡನೆಯದರ ನಂತರ ಊಟದ ಮುಂದೆ ತೂಕಡಿಸುವುದು ನಿಂತಿತು. ಕುತ್ತಿಗೆಯ ಟವೆಲ್ ಗೂಟಕ್ಕೆ ಹೋಯಿತು. ದಿನ ಬಿಟ್ಟು ದಿನ ಬೋಳಿಸುತ್ತಿದ್ದ ಗಡ್ಡವನ್ನು ಮತ್ತೆ ದಿನವೂ ಬೋಳಿಸಬೇಕಾಯಿತು. ಕೊನೆಯ ಮೂರು ಪ್ರಶ್ನೆಗಳ ಬಗ್ಗೆ ನಾನು ಅಣ್ಣ, ಕೇಳಲಿಲ್ಲ. ಅವಳು ತಾನಾಗಿ ಹೇಳದೆ ಇದ್ದದ್ದು ನನ್ನ ಪುಣ್ಯ.

ಆದರೆ ಎಲ್ಲ ದಿನವೂ ಒಳ್ಳೆಯ ದಿನವಾಗಿರಲಿಲ್ಲ. ಮುಂದಿನ ಸೂಜಿ ಹತ್ತಿರ ಬಂದಂತೆ ಮತ್ತೆ ಮಂಕಾಗುವನು. ಆಗೆಲ್ಲ ಫುಸಾ ಕ್ಯಾಲೆಂಡರ್ ನೋಡಿ, “ಅಣ್ಣಾ, ಗುರುವಾರದವರೆಗೂ ಈ ಕಡೆ ಬರ್ಬೇಡ,” ಎಂದು ನನಗೆ ಫೋನ್ ಮಾಡುತ್ತಿದ್ದಳು. ಮಾರ್ಚ್ ಮೊದಲ ವಾರ ಅವನು ಪಾಲಿಶ್ ವಿಭಾಗಕ್ಕೆ ಹನ್ನೊಂದು ಫ್ರೇಮ್ ಹಿಂದಕ್ಕೆ ಕಳಿಸಿದ ಸುದ್ದಿ ಬಂತು. ಪಾಲಿಶ್‌ನವರು ಶಪಿಸಿದರಂತೆ. ಆದರೆ ಅದೇ ವಾರ ಎರಡು ಕೆಟ್ಟ ಫ್ರೇಮ್ ಅವನ ಕೈ ತಪ್ಪಿಸಿಕೊಂಡು ಅಂಗಡಿ ಸೇರಿದ್ದವು ಎಂಬ ಸುದ್ದಿಯೂ ಬಂತು. ಇದನ್ನು ಫುಸಾ ನನಗೆ ಹೇಳಲಿಲ್ಲ. ಎನೊಮೊತೊ ಅವರೇ ಕೋಟು ತೊಳೆಯಲು ಕೊಡುವಾಗ ಹೇಳಿದರು. ಅವರಿಗೂ ಏನು ಮಾಡಬೇಕೆಂದು ತೋಚಿರಲಿಲ್ಲ.

ಮಾರ್ಚ್ ಇಪ್ಪತ್ತೆಂಟಕ್ಕೆ ಅವರು ಕಾತ್ಸುವನ್ನು ಕೋಣೆಗೆ ಕರೆದರು. ರಾಜೀನಾಮೆಯನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟು, “ಏನ್ ಮಾಡೋಣ ನಿಶಿದೆ ಅವ್ರೇ?” ಎಂದರಂತೆ. ನಮ್ಮ ಕಡೆ ಇಂಥ ಪ್ರಶ್ನೆಗೆ ಉತ್ತರ ಕೊಡಬಾರದು. ತಲೆ ಬಾಗಿಸಬೇಕು, ನಿಮ್ಮಿಷ್ಟ ಎನ್ನಬೇಕು. ಆಗ ಮ್ಯಾನೇಜರ್ ಕೂಡ ನೊಂದುಕೊಂಡವರಂತೆ ತಲೆಬಾಗಿಸಿ, ಒಂದು ಬೀಳ್ಕೊಡುಗೆಯ ಊಟ ಹಾಕಿಸಿ ಕಳಿಸಬಹುದು. ಎನೊಮೊತೊ ಅದಕ್ಕೆ ಸಿದ್ಧವಾಗಿಯೇ ಇದ್ದರು.

ಕಾತ್ಸು ಕುರ್ಚಿ ಎಳೆದುಕೊಂಡು ಕೂತನಂತೆ.

“ನಂಗೆ ಕೆಲಸ ಬೇಕು. ಆದ್ರೆ ಪೂರ್ತಿ ದಿನ ಬೇಡ. ಆ ಎರಡು ಫ್ರೇಮ್ ಬಿಟ್ಟಿದ್ದು ಮಧ್ಯಾಹ್ನ ಮೂರರ ಮೇಲೆ. ಬೆಳಿಗ್ಗೆಯಿಂದ ಒಂದೂವರೆವರೆಗೂ ನನ್ನ ಕೈಯಿಂದ ಒಂದೂ ತಪ್ಪಿಸ್ಕೊಳ್ಳಲ್ಲ, ಪುಸ್ತಕ ತೆಗೆಸಿ ನೋಡಿ. ಆಮೇಲೆ ನಂಗೆ ಸುಸ್ತಾಗುತ್ತೆ. ಮದ್ದು ತಗೋತಿದೀನಿ, ಆದ್ರೂ ಆಗುತ್ತೆ. ಒಂದೂವರೆ ಆದ್ಮೇಲೆ ಪಕ್ಕದ ಮೇಜಿನ ಕಿತಾಗಾವಾಗೆ ಕೊಡಿ. ಆ ಹುಡುಗಿಗೆ ಕಿವಿ ಇದೆ, ನಾನು ಕಲಿಸ್ತೀನಿ. ಮತ್ತೆ ಆ ಕಾಗದ ವಾಪಸ್ ಕೊಡಿ.”

ಎನೊಮೊತೊ ಇದನ್ನು ನನಗೆ ಹೇಳುವಾಗ ಇನ್ನೂ ಚೇತರಿಸಿಕೊಂಡಿರಲಿಲ್ಲ. “ಇಪ್ಪತ್ತೆರಡು ವರ್ಷ ಮ್ಯಾನೇಜರ್ ಆಗಿದೀನಿ, ನನ್ನ ಮುಖಕ್ಕೇ ಬೇಕು ಅಂದೋರು ಯಾರೂ ಇರ್ಲಿಲ್ಲ. ಆಯ್ತು ಅಂದ್ಬಿಟ್ಟೆ.”

ಹೀಗಾಗಿ ಏಪ್ರಿಲ್‌ನಿಂದ ಕಾತ್ಸು ಎರಡು ಗಂಟೆಗೆ ಮನೆಗೆ ಬರುತ್ತಾನೆ. ಫುಸಾ ಶಾಲೆಯಿಂದ ಬರುವುದು ಮೂರಕ್ಕೆ. ಮೊನ್ನೆ ಅಂಗಡಿಗೆ ಬಂದವಳು ಗಲ್ಲದ ಮೇಲೆ ಕೈಯಿಟ್ಟು ನಿಂತಳು.

“ಮನೇಲಿ ಒಂದು ನೆಮ್ಮದಿ ಇಲ್ಲ ಅಣ್ಣಾ. ಚಹಾಗೆ ಬಿಸಿ ಸಾಲ್ದು ಅಂತಾರೆ. ಮೂಲಂಗಿ ದಪ್ಪ ಹೆಚ್ಚಿದೀಯ ಅಂತಾರೆ. ಇನ್ನೊಂದು ಬಟ್ಲು ಅನ್ನ ಬೇಕು ಅಂತ ಕೇಳಿ ಹಾಕಿಸ್ಕೊಂಡು ಊಟ ಮಾಡ್ತಾರೆ. ನಿನ್ನೆ ಏನ್ ಅಂದ್ರು ಗೊತ್ತಾ? ನೀನು ಎರಡನೇ ಸಾಲು ಹಾಡೋವಾಗ ಶ್ರುತಿ ಹೋಗುತ್ತೆ ಅಂದ್ರು.”

“ಅದಕ್ಕೆ ನೀನೇನ್ ಮಾಡ್ದೆ?”

“ಇನ್ನೇನ್ ಮಾಡ್ಲಿ?” ಎಂದಳು ಫುಸಾ ಸಿಡುಕಿನಿಂದ. “ಅದೇ ಸಾಲನ್ನ ಇನ್ನೊಂದ್ಸಲ ಹಾಡ್ದೆ.”